ಶಿರಸಿಯಿಂದ ಒಂದೇ ದಿನದಲ್ಲಿ ಆನೆ ನೋಡಿ, ಬೋಟಿಂಗ್ ಮುಗಿಸಿ ಬರಬಹುದಾ?

ಆರು ಜನ ಗೆಳೆಯರು, ಒಂದು ಭಾನುವಾರ. ಆನೆ ನೋಡಬೇಕು, ಬೋಟಿಂಗೂ ಆಗಬೇಕು, ರಾತ್ರಿ ಊಟಕ್ಕೆ ಮನೆ ಸೇರಬೇಕು, ದಾಂಡೇಲಿಯೋ ಸಕ್ರೆಬೈಲು ಆನೆ ಶಿಬಿರವೋ ಅಂತ ಕೇಳಿದ್ದೀರಿ. ಸಕ್ರೆಬೈಲು. ದಾಂಡೇಲಿ ಕಾಡಲ್ಲಿ ಆನೆ ಇಲ್ಲ ಅಂತಲ್ಲ, ನೀವು ಸಫಾರಿಗೆ ಹೋದ ದಿನವೇ ಅದು ರಸ್ತೆ ಬದಿಗೆ ಬಂದು ನಿಲ್ಲುತ್ತದೆ ಅಂತ ಕರಾರಿಲ್ಲ. ಮುಂಡಗೋಡ, ಯಲ್ಲಾಪುರ ಕಡೆ ಗದ್ದೆಗೆ ಆನೆ ಇಳಿದಿದೆ ಅಂತ ಕೇಳಿ ಆ ಕಡೆ ಗಾಡಿ ತಿರುಗಿಸುವುದಂತೂ ಬೇಡವೇ ಬೇಡ.

ಸಕ್ರೆಬೈಲು ಇರುವುದು ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ, ಶಿವಮೊಗ್ಗದಿಂದ 14 ಕಿ.ಮೀ., ಗಾಜನೂರು ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ. ಸಿದ್ದಾಪುರ, ತಾಳಗುಪ್ಪ, ಸಾಗರ, ಆನಂದಪುರ ಹಾದು ಹೋದರೆ ಶಿರಸಿಯಿಂದ ಸುಮಾರು 155 ಕಿ.ಮೀ., ಮೂರೂವರೆ ತಾಸು. ಹೋಗಿಬರಲು 310 ಅಂತ ಹಿಡಿದರೆ, ಲೀಟರಿಗೆ 12 ಕೊಡುವ ಗಾಡಿಗೆ 26 ಲೀಟರ್ ಡೀಸೆಲ್. ಬಸ್ಸು ನಂಬಿಕೊಂಡರೆ ಹೊತ್ತು ತಪ್ಪುತ್ತದೆ.

ಹೊತ್ತೇ ಇಲ್ಲಿ ಮುಖ್ಯ. ಶಿಬಿರದ ಆನೆಗಳನ್ನು ರಾತ್ರಿ ಮೇಯಲು ಕಾಡಿಗೆ ಬಿಡುತ್ತಾರೆ. ಕಾಲಿನ ಉದ್ದ ಸರಪಳಿ ನೆಲದ ಮೇಲೆ ಎಳೆದುಹೋದ ಗೆರೆ ಹಿಡಿದು ಮಾವುತರು, ಅವರ ಸಹಾಯಕರಾದ ಕಾವಾಡಿಗಳು ಬೆಳಿಗ್ಗೆ ಹುಡುಕಿ ತರುತ್ತಾರೆ. ಸ್ನಾನ, ಮೇವು ಎಲ್ಲ ನೋಡಲು ಸಿಗುವುದು ಸುಮಾರು 8.30ರಿಂದ 11.30ರವರೆಗೆ, ಆಮೇಲೆ ಮತ್ತೆ ಕಾಡು. 12ಕ್ಕೆ ಮುಟ್ಟಿದವರು ಖಾಲಿ ಬಯಲು ನೋಡಿಕೊಂಡು ಬರಬೇಕು. ಹಾಗಾಗಿ ಶಿರಸಿ ಬಿಡುವುದು 4.30ಕ್ಕೆ, ಸಾಗರದಲ್ಲಿ ಒಂದು ಚಾ, ಅಷ್ಟೇ. 'ಹೋಗ್ತಾ ಜೋಗ ನೋಡಿಬಿಡೋಣ' ಅನ್ನುವವನು ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ. ಅವನ ಮಾತು ಕೇಳಿದಿರೋ, ಆನೆ ತಪ್ಪಿತು.

ಮೊದಲು ನೀರಿನ ಹತ್ತಿರ ಹೋಗಿ. ಆನೆ ಮಗ್ಗುಲಾಗಿ ಮಲಗಿ ತಲೆಯನ್ನೂ ಮುಳುಗಿಸಿಬಿಟ್ಟಾಗ ಸೊಂಡಿಲ ತುದಿ ಮಾತ್ರ ಮೇಲೆ ಕಾಣುತ್ತದೆ, ಉಸಿರು ಅದರಲ್ಲೇ. ತುದಿಯಲ್ಲಿ ಬೆರಳಿನಂಥ ಒಂದು ಚುಂಚು ಇರುತ್ತದೆ, ಗಮನಿಸಿ. ಆಫ್ರಿಕಾದ ಆನೆಗೆ ಅಂಥವು ಎರಡು. ಮೇವಿನ ಹೊತ್ತಿಗೆ ಒಣಹುಲ್ಲಿನಲ್ಲಿ ಭತ್ತ, ಬೆಲ್ಲ ಇಟ್ಟು ಸುತ್ತಿದ ಕುಸುರೆ ಕೊಡುತ್ತಿದ್ದರೆ, ಅದೇ ಬೆರಳಿನಿಂದ ಹೇಗೆ ಎತ್ತಿಕೊಳ್ಳುತ್ತದೆ ನೋಡಿ.

ಮಾವುತರು ಹೇಳದೆ ಬಾಳೆಹಣ್ಣು ಕೊಡಬೇಡಿ, ಹಿಂದಿನಿಂದ ಹತ್ತಿರ ಹೋಗಬೇಡಿ. ಗಂಡಾನೆಯ ಕಣ್ಣು-ಕಿವಿಯ ನಡುವೆ ಎಣ್ಣೆ ಸುರಿದಂತೆ ಕಪ್ಪು ಗೆರೆ ಕಂಡರೆ ಅದು ಮದ, ಫೋಟೋದ ಆಸೆ ಬಿಟ್ಟು ದೂರ ಸರಿಯಿರಿ. ಮರಿಯ ಹತ್ತಿರವೂ ಹುಷಾರು. ಹುಟ್ಟುವಾಗಲೇ ಅದು ಸುಮಾರು 100 ಕೆ.ಜಿ. ಇರುತ್ತದೆ, ಆಟಕ್ಕೆಂದು ನೂಕಿದರೂ ನೀವು ಮಣ್ಣಲ್ಲಿ.

ಬೋಟಿಂಗ್ ಇದೇ ಹಿನ್ನೀರಿನಲ್ಲಿ. ಇಳಿದ ತಕ್ಷಣ ಇವತ್ತು ಬೋಟ್ ಇದೆಯಾ ಅಂತ ಕೇಳಿಕೊಳ್ಳಿ, ಆನೆ ಮುಗಿದ ಮೇಲಲ್ಲ. ಮಳೆಗಾಲದಲ್ಲಿ ತುಂಗೆ ತುಂಬಿ ಬಂದಾಗ ಬೋಟ್ ನಂಬಿಕೊಂಡು ಹೊರಡಬೇಡಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಲೈಫ್ ಜಾಕೆಟ್ ಹಾಕಿದ ಮೇಲೆ ಒಬ್ಬರ ಭುಜದ ಪಟ್ಟಿ ಇನ್ನೊಬ್ಬರು ಮೇಲಕ್ಕೆ ಎಳೆದು ನೋಡಿ. ಕಿವಿಯವರೆಗೆ ಬಂತೆಂದರೆ ಸಡಿಲ, ನೀರಿಗೆ ಬಿದ್ದರೆ ತಲೆಯಿಂದ ಕಳಚಿಕೊಳ್ಳುತ್ತದೆ. ಆರೂ ಜನ ಒಂದೇ ಬದಿಗೆ ಬಾಗಿ ಸೆಲ್ಫಿ ತೆಗೆಯುವ ಕೆಲಸ ಮಾತ್ರ ಬೇಡ.

ಸಕ್ರೆಬೈಲಿನಲ್ಲಿ ಅವತ್ತು ಬೋಟ್ ಇಲ್ಲದಿದ್ದರೆ ವಾಪಸ್ ದಾರಿಯಲ್ಲೇ, ಸಾಗರದಿಂದ ಮುಂದೆ, ಲಿಂಗನಮಕ್ಕಿ ಹಿನ್ನೀರಿನ ಹೊನ್ನೇಮರಡು ಇದೆ. ಅಲ್ಲಿ ತೆಪ್ಪ, ಕಯಾಕ್. ಮುಂಚೆಯೇ ಫೋನ್ ಮಾಡಿ ಒಪ್ಪಿಗೆ ಪಡೆದಿರಬೇಕು, ಸುಮ್ಮನೆ ಹೋಗಿ ನಿಂತರೆ ಆಗುವುದಿಲ್ಲ. ಹಿನ್ನೀರು ದಾಟಿಸುತ್ತಿದ್ದ ಸಿಗಂದೂರು ಲಾಂಚನ್ನೇ ಬೋಟಿಂಗ್ ಲೆಕ್ಕಕ್ಕೆ ಹಿಡಿಯುತ್ತಿದ್ದವರಿಗೆ ಈಗ ಆ ದಾರಿಯೂ ಇಲ್ಲ: 2025ರ ಜುಲೈನಿಂದ ಸೇತುವೆ ಮೇಲೇ ಗಾಡಿ ಓಡುತ್ತಿದೆ.

ಜೇಬಲ್ಲಿ ಚಿಲ್ಲರೆ ನೋಟು ಇರಲಿ. ಒಂದು ಜೊತೆ ಬಟ್ಟೆ, ಟವೆಲ್ಲು ಗಾಡಿಯಲ್ಲೇ ಇರಲಿ. ಮಧ್ಯಾಹ್ನ 1ರೊಳಗೆ ಸಕ್ರೆಬೈಲು ಬಿಟ್ಟರೆ ಊಟ ಶಿವಮೊಗ್ಗದಲ್ಲಿ, ಜೋಗ ಬೇಕೆಂದವನಿಗೆ ಸಂಜೆ ಜೋಗ, 8ರ ಹೊತ್ತಿಗೆ ಶಿರಸಿ.