ಹಳೆಯ ಫ್ಲ್ಯಾಟು, ನಾಲ್ಕು ಲಕ್ಷ ರೂಪಾಯಿ ಮತ್ತು ಕೆಳಮನೆಯ ಸೂರಿನ ತೇವ

ಪ್ರಶ್ನೆ: ಬೆಂಗಳೂರಿನ ಜಯನಗರದಲ್ಲಿ ನಮ್ಮ ತಂದೆಯವರು 1986ರಲ್ಲಿ ಕೊಂಡ ಫ್ಲ್ಯಾಟು ಇದೆ. ಲಿಫ್ಟ್ ಇಲ್ಲದ ಮೂರು ಅಂತಸ್ತಿನ ಕಟ್ಟಡದ ಮೊದಲನೆಯ ಮಹಡಿ. ಎರಡು ಮಲಗುವ ಕೋಣೆ, ಹಾಲ್, ಅಡುಗೆಮನೆ, ಬೇರೆ ಬೇರೆಯಾಗಿರುವ ಬಚ್ಚಲು ಮತ್ತು ಶೌಚಾಲಯ, ಒಟ್ಟು 850 ಚದರಡಿ. ನೆಲ ಮೊಸಾಯಿಕ್, ಅಡುಗೆಕಟ್ಟೆ ಕಡಪ ಕಲ್ಲಿನದು, ಫ್ಯೂಸುಗಳು ಹಳೆಯ ಪಿಂಗಾಣಿಯವು. ತಂದೆಯವರು ತೀರಿಕೊಂಡ ಮೇಲೆ ಅಮ್ಮ ಶಿವಮೊಗ್ಗದಲ್ಲಿ ನನ್ನೊಂದಿಗೆ ಇದ್ದಾರೆ. ಮನೆಗೆ ಬೀಗ ಹಾಕಿ ಎರಡು ವರ್ಷವಾಯಿತು. ಈಗಿನ ಸ್ಥಿತಿಯಲ್ಲಿ ತಿಂಗಳಿಗೆ 16 ಸಾವಿರಕ್ಕಿಂತ ಹೆಚ್ಚು ಬಾಡಿಗೆ ಬಾರದೆಂದು ಬ್ರೋಕರ್ ಹೇಳುತ್ತಾರೆ. ಒಬ್ಬ ಗುತ್ತಿಗೆದಾರರು ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಫಾಲ್ಸ್ ಸೀಲಿಂಗ್, ಮಾಡ್ಯುಲರ್ ಕಿಚನ್, ಅಡುಗೆಮನೆ ಮತ್ತು ಹಾಲಿನ ನಡುವಣ ಗೋಡೆ ಒಡೆದು ತೆರೆದ ಅಡುಗೆಮನೆ, ಎಲ್ಲ ಸೇರಿ 9 ಲಕ್ಷ ಎಂದರು. 25 ಸಾವಿರ ಬಾಡಿಗೆ ಬರುತ್ತದೆಂದು ಭರವಸೆಯನ್ನೂ ಕೊಟ್ಟರು. ನಮ್ಮಲ್ಲಿರುವುದು 4 ಲಕ್ಷ. ತಮ್ಮ ಮಾರಿಬಿಡೋಣ ಎನ್ನುತ್ತಾನೆ, ಅಕ್ಕ ಬೇಡ ಎನ್ನುತ್ತಾಳೆ. ಕೆಳಮನೆಯವರು ತಮ್ಮ ಬಚ್ಚಲಿನ ಸೂರು ಒದ್ದೆಯಾಗುತ್ತಿದೆಯೆಂದು ಎರಡು ಸಲ ಫೋನ್ ಮಾಡಿದ್ದಾರೆ. ಅಮ್ಮನದು ಒಂದೇ ಮಾತು: ಹಾಲಿನ ಸೂರಿನಲ್ಲಿರುವ ಉಯ್ಯಾಲೆಯ ಕೊಂಡಿಗಳನ್ನು ಕತ್ತರಿಸಕೂಡದು. ಎಲ್ಲಿಂದ ಆರಂಭಿಸಬೇಕು?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಲೆಕ್ಕ ನೋಡೋಣ. 4 ಲಕ್ಷದಲ್ಲಿ ಮನೆಯನ್ನು ಸರಿಪಡಿಸಿದರೆ 22 ಸಾವಿರ ಬಾಡಿಗೆ ಬಂದೀತು ಎಂದುಕೊಳ್ಳಿ. ಈಗಿನ ಅಂದಾಜಿಗಿಂತ ತಿಂಗಳಿಗೆ 6 ಸಾವಿರ, ವರ್ಷಕ್ಕೆ 72 ಸಾವಿರ ಹೆಚ್ಚು. ಹಾಕಿದ ಹಣ ಸುಮಾರು ಐದೂವರೆ ವರ್ಷದಲ್ಲಿ ಹಿಂದಿರುಗುತ್ತದೆ. ಗುತ್ತಿಗೆದಾರರ ಮಾತನ್ನೇ ನಂಬಿ 9 ಲಕ್ಷ ಹಾಕಿ 25 ಸಾವಿರ ಪಡೆದಿರಿ ಎನ್ನೋಣ. ಆಗ ಹೆಚ್ಚುವರಿಯಾಗಿ ಸುರಿದ 5 ಲಕ್ಷವು ತರುವುದು ತಿಂಗಳಿಗೆ 3 ಸಾವಿರ ಮಾತ್ರ. ಆ 5 ಲಕ್ಷ ಕೈಗೆ ಮರಳಲು ಸುಮಾರು ಹದಿನಾಲ್ಕು ವರ್ಷ ಬೇಕು. ಅಷ್ಟರಲ್ಲಿ ಮಾಡ್ಯುಲರ್ ಕಪಾಟಿನ ಹಲಗೆಗಳು ನೀರು ಕುಡಿದು ಉಬ್ಬಿರುತ್ತವೆ. ಆದ್ದರಿಂದ ಹಣವಿದ್ದರೂ ನಾನು 9 ಲಕ್ಷದ ಯೋಜನೆಯನ್ನು ಒಪ್ಪುತ್ತಿರಲಿಲ್ಲ. ಬಾಡಿಗೆದಾರರು ಮನೆ ಬಿಟ್ಟುಹೋಗುವುದು ಸೂರಿನ ಅಲಂಕಾರ ಸಾಲದೆಂದಲ್ಲ. ನೀರು ಸರಿಯಾಗಿ ಬರುವುದಿಲ್ಲ, ಗೀಸರ್ ಹಾಕಿದರೆ ಫ್ಯೂಸ್ ಹೋಗುತ್ತದೆ, ಕೆಳಮನೆಯವರು ದಿನಾ ಜಗಳಕ್ಕೆ ಬರುತ್ತಾರೆ ಎಂಬ ಕಾರಣಕ್ಕೆ. ಮನೆ ಎರಡು ತಿಂಗಳು ಖಾಲಿ ಬಿದ್ದರೆ ಹೋಗುವ 44 ಸಾವಿರವನ್ನು ಯಾವ ಗುತ್ತಿಗೆದಾರರೂ ತಮ್ಮ ಅಂದಾಜಿನಲ್ಲಿ ಬರೆಯುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೆಳಮನೆಯ ತೇವ. ನಿಮ್ಮ ಮನೆಗೆ ಎರಡು ವರ್ಷದಿಂದ ಬೀಗ ಬಿದ್ದಿದೆ, ಯಾರೂ ಸ್ನಾನ ಮಾಡಿಲ್ಲ, ಆದರೂ ಕೆಳಗಿನ ಸೂರು ಒದ್ದೆಯಾಗುತ್ತಿದೆ. ಹಾಗಿದ್ದರೆ ಅದು ನಿಮ್ಮ ಬಚ್ಚಲಿನ ನೆಲದ ಟೈಲ್ಸ್ ಸಂದಿನಿಂದ ಇಳಿಯುವ ನೀರಾಗಿರಲಾರದು. ಉಳಿಯುವುದು ಮುಖ್ಯವಾಗಿ ಎರಡು ಸಾಧ್ಯತೆಗಳು. ಒಂದು, ಮೇಲಿನ ಟ್ಯಾಂಕಿನಿಂದ ಬರುವ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಗೋಡೆಯೊಳಗೆ ಎಲ್ಲೋ ತುಕ್ಕು ಹಿಡಿದು ತೂತಾಗಿದೆ. ಅದರಲ್ಲಿ ಹಗಲಿರುಳು ಒತ್ತಡವಿರುವುದರಿಂದ ನಲ್ಲಿ ತಿರುಗಿಸದಿದ್ದರೂ ನೀರು ಜಿನುಗುತ್ತದೆ. ಇನ್ನೊಂದು, ಡಕ್ಟಿನಲ್ಲಿ (ಮಹಡಿಗಳ ಕೊಳವೆಗಳಿಗೆಂದು ಬಿಟ್ಟ ಕಿಂಡಿಯಲ್ಲಿ) ಇಳಿಯುವ ಸಾಮೂಹಿಕ ಕೊಳವೆಯ ಕೀಲು ಬಿಟ್ಟಿದ್ದು, ಮೇಲಿನ ಮನೆಯವರು ಬಳಸಿದ ನೀರು ನಿಮ್ಮ ನೆಲದ ಅಂಚಿನಲ್ಲಿ ಹರಿದು ಕೆಳಗಿನವರಿಗೆ ತಲುಪುತ್ತಿದೆ. ಇವೆರಡನ್ನು ಬೇರ್ಪಡಿಸಲು ಒಂದು ರೂಪಾಯಿಯೂ ಬೇಕಾಗಿಲ್ಲ. ನಿಮ್ಮ ಮನೆಗೆ ನೀರು ಬರುವ ಗೇಟ್ ವಾಲ್ವನ್ನು ಪೂರ್ತಿ ಮುಚ್ಚಿಸಿ, ಹತ್ತು ಹದಿನೈದು ದಿನ ಹಾಗೆಯೇ ಬಿಡಿ, ಕೆಳಮನೆಯವರನ್ನು ಸೂರಿನ ಫೋಟೋ ಕಳಿಸಲು ಕೇಳಿಕೊಳ್ಳಿ. ಒಣಗುತ್ತಾ ಬಂದರೆ ದೋಷ ನಿಮ್ಮ ಪೈಪಿನದು. ಒದ್ದೆ ಹಾಗೆಯೇ ಉಳಿದರೆ ದೋಷ ಬಹುಮಟ್ಟಿಗೆ ಸಾಮೂಹಿಕ ಕೊಳವೆಯದು. ಅದರ ದುರಸ್ತಿ ಮಾಲೀಕರ ಸಂಘದ ಹೊಣೆ, ನಿಮ್ಮ 4 ಲಕ್ಷದ್ದಲ್ಲ. ಹಳೆಯ ಗೇಟ್ ವಾಲ್ವುಗಳು ಮುಚ್ಚಿದಂತೆ ಕಂಡರೂ ಒಳಗೊಳಗೆ ನೀರು ಬಿಡುವುದುಂಟು, ಆದ್ದರಿಂದ ಮುಚ್ಚಿದ ಮೇಲೆ ಮನೆಯ ನಲ್ಲಿಯೊಂದನ್ನು ತಿರುಗಿಸಿ ಹನಿಯೂ ಬಾರದೆಂಬುದನ್ನು ಖಚಿತಪಡಿಸಿಕೊಳ್ಳಿ. ಈ ಪರೀಕ್ಷೆ ಮುಗಿಯುವ ಮೊದಲು ಯಾರಿಗೂ ಮುಂಗಡ ಕೊಡಬೇಡಿ.

ಅದೇ ಭೇಟಿಯಲ್ಲಿ ಇನ್ನೊಂದು ಕೆಲಸ ಮಾಡಿಸಿ. ಬಚ್ಚಲು, ಶೌಚಾಲಯ, ಬಾಲ್ಕನಿ ಮತ್ತು ಸಜ್ಜಾಗಳ ಕಾಂಕ್ರೀಟನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿಸಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿ, ಸಿಮೆಂಟಿನ ಹೊದಿಕೆಯನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಅಲ್ಲೊಂದು ಇಲ್ಲೊಂದು ಕಡೆಯಾದರೆ ಸಡಿಲವಾದದ್ದನ್ನು ಕೆತ್ತಿ, ಕಂಬಿಯ ತುಕ್ಕು ತೆಗೆದು, ತುಕ್ಕುನಿರೋಧಕ ಬಳಿದು, ಪಾಲಿಮರ್ ಗಾರೆ ಹಾಕಿದರೆ ಸಾಕು. ಸೂರಿನ ದೊಡ್ಡ ಭಾಗವೇ ಹಾಗಿದ್ದರೆ ಮಿಕ್ಕ ಕೆಲಸವನ್ನೆಲ್ಲ ನಿಲ್ಲಿಸಿ ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆಸಬೇಕು. ಫಾಲ್ಸ್ ಸೀಲಿಂಗ್ ಬೇಡವೆನ್ನಲು ನನಗಿರುವ ಮುಖ್ಯ ಕಾರಣವೂ ಇದೇ: ಹಳೆಯ ಕಟ್ಟಡದ ಸೂರು ಕಣ್ಣಿಗೆ ಕಾಣುತ್ತಿರಬೇಕು. ಫಾಲ್ಸ್ ಸೀಲಿಂಗ್ ಇಲ್ಲದಿದ್ದರೆ ನಿಮ್ಮ ತಾಯಿಯವರ ಕೊಂಡಿಗಳೂ ಉಳಿಯುತ್ತವೆ. ಅವುಗಳ ಬುಡದಲ್ಲಿ ತುಕ್ಕಿನ ಕಲೆ ಇದೆಯೇ ಎಂದಷ್ಟು ನೋಡಿಸಿ, ಒಂದು ಕೈ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿಸಿ.

ಗೋಡೆ ಒಡೆಯುವ ಮಾತನ್ನು ದಯವಿಟ್ಟು ಮರೆತುಬಿಡಿ. ಆ ಕಾಲದ ಮೂರು ಅಂತಸ್ತಿನ ಅನೇಕ ಕಟ್ಟಡಗಳಲ್ಲಿ ಕಂಬ ತೊಲೆಗಳಿಲ್ಲ; ಒಂಬತ್ತಂಗುಲದ ಇಟ್ಟಿಗೆ ಗೋಡೆಗಳೇ ಮೇಲಿನ ಮನೆಯನ್ನು ಹೊತ್ತಿರುತ್ತವೆ. ಕಟ್ಟಡದ ನಕ್ಷೆ ನೋಡದೆ ಒಡೆಯಬಹುದೆಂದು ಹೇಳಿದ ಗುತ್ತಿಗೆದಾರರ ಉಳಿದ ಸಲಹೆಗಳನ್ನೂ ನಾನು ಅನುಮಾನದಿಂದಲೇ ನೋಡುತ್ತೇನೆ. ಒಗ್ಗರಣೆಯ ಹೊಗೆ ಹಾಲಿಗೆ ಬರುವ ಮನೆಯನ್ನು ನಮ್ಮವರು ಇಷ್ಟಪಡುವುದೂ ಕಡಿಮೆ.

ಇನ್ನು ಹಣದ ಹಂಚಿಕೆ. ನಾನಾಗಿದ್ದರೆ ಬಚ್ಚಲು ಮತ್ತು ಶೌಚಾಲಯಕ್ಕೆ 1.30 ಲಕ್ಷ, ವಿದ್ಯುತ್ತಿಗೆ 80 ಸಾವಿರ, ಬಣ್ಣ ಮತ್ತು ಗಾರೆ ದುರಸ್ತಿಗೆ 60 ಸಾವಿರ, ಅಡುಗೆಮನೆಗೆ 55 ಸಾವಿರ, ನೆಲಕ್ಕೆ 35 ಸಾವಿರ ಎಂದು ಇಟ್ಟು, 40 ಸಾವಿರವನ್ನು ಮುಟ್ಟದೆ ತೆಗೆದಿರಿಸುತ್ತಿದ್ದೆ. ಹಳೆಯ ಗೋಡೆಯನ್ನು ಕೊರೆದಾಗ ಏನು ಹೊರಬೀಳುತ್ತದೆಂದು ಮೊದಲೇ ಹೇಳಲಾಗದು. ಒಡೆದ ಗಾರೆ, ಇಟ್ಟಿಗೆ ಚೂರುಗಳನ್ನು ಲಿಫ್ಟಿಲ್ಲದ ಕಟ್ಟಡದಿಂದ ಇಳಿಸಿ ಸಾಗಿಸುವ ಖರ್ಚನ್ನೂ ಬಹುತೇಕ ಅಂದಾಜುಪಟ್ಟಿಗಳು ಮರೆಯುತ್ತವೆ. ಕನಿಷ್ಠ ಮೂವರಿಂದ ಕೆಲಸವಾರು ದರ ಬರೆಸಿಕೊಳ್ಳಿ; ಒಟ್ಟು ಮೊತ್ತ ಮಾತ್ರ ಬರೆದ ಚೀಟಿಯನ್ನು ಸ್ವೀಕರಿಸಬೇಡಿ.

ಬಚ್ಚಲಿನಲ್ಲಿ ಉಳಿತಾಯ ಮಾಡಬಾರದು. ಜಿಐ ಪೈಪುಗಳನ್ನೆಲ್ಲ ತೆಗೆಸಿ ಬಿಸಿನೀರಿಗೆ ಸಿಪಿವಿಸಿ, ತಣ್ಣೀರಿಗೆ ಯುಪಿವಿಸಿ ಅಥವಾ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಿಸಿ, ಗೋಡೆ ಮುಚ್ಚುವ ಮೊದಲು ಪಂಪಿನಿಂದ ಒತ್ತಡದ ಪರೀಕ್ಷೆ ಮಾಡಿಸಿ. ನೆಲ ಅಗೆದು ಹಳೆಯ ನಹಾನಿ ಟ್ರ್ಯಾಪ್ (ನೆಲದ ನೀರು ಹೊರಹೋಗುವ ಬಾಯಿ) ಬದಲಿಸಿ, ನಾಲ್ಕು ಅಡಿಗೆ ಅರ್ಧ ಅಂಗುಲದಂತೆ ಇಳಿಜಾರು ಕೊಟ್ಟು, ವಾಟರ್‌ಪ್ರೂಫಿಂಗ್ ಲೇಪವನ್ನು ಎರಡು ಕೈ ಬಳಿಸಿ. ಲೇಪ ಗೋಡೆಯ ಮೇಲೂ ಒಂದಡಿ, ಸ್ನಾನ ಮಾಡುವ ಬದಿಯಲ್ಲಿ ಆಳೆತ್ತರ ಏರಬೇಕು. ಅದು ಒಣಗಿದ ಮೇಲೆ ಟ್ರ್ಯಾಪಿನ ಬಾಯಿ ಕಟ್ಟಿ 48 ಗಂಟೆ ನೀರು ನಿಲ್ಲಿಸಿ. ಆ ಎರಡು ದಿನ ಕೆಲಸಗಾರರು ಸುಮ್ಮನೆ ಕುಳಿತಿರುವುದನ್ನು ನೋಡಿ ಗುತ್ತಿಗೆದಾರರು ಅವಸರ ಮಾಡುತ್ತಾರೆ, ಮಣಿಯಬೇಡಿ. ಕೆಳಮನೆಯ ಸೂರು ಒಣಗಿದೆಯೆಂದು ನೀವೇ ಹೋಗಿ ನೋಡಿದ ನಂತರವೇ ಟೈಲ್ಸ್ ಕೂರಿಸಲಿ. ಟೈಲ್ಸ್ ಅಗ್ಗದ್ದಾದರೂ ನಡೆಯುತ್ತದೆ, ಆದರೆ ನೆಲದ್ದು ಜಾರದಂತಿರಬೇಕು. ಶೌಚಾಲಯದಲ್ಲಿ ಕಮೋಡ್ ಹಾಕಿಸುವುದಾದರೆ ಕೊಳ್ಳುವ ಮೊದಲು ಹೊರಹರಿವು ನೆಲದೊಳಗೆ ಇಳಿಯುತ್ತದೆಯೋ ಗೋಡೆಯ ಮೂಲಕ ಹೋಗುತ್ತದೆಯೋ ನೋಡಿಕೊಳ್ಳಿ. ಎಸ್ ಟ್ರ್ಯಾಪ್, ಪಿ ಟ್ರ್ಯಾಪ್ ಎಂದು ಅಂಗಡಿಯವರು ಕೇಳುವುದು ಅದನ್ನೇ.

ವಿದ್ಯುತ್ತಿನ ವಿಷಯದಲ್ಲಿ, ಆ ಕಾಲದ ಎಷ್ಟೋ ಮನೆಗಳಲ್ಲಿ ಅಲ್ಯೂಮಿನಿಯಂ ತಂತಿಗಳಿದ್ದವು, ಅರ್ತಿಂಗ್ ಹೆಸರಿಗೆ ಮಾತ್ರ ಇರುತ್ತಿತ್ತು. 2 ಕಿಲೋವಾಟ್ ಗೀಸರೊಂದು 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಜೊತೆಗೆ ಇಂಡಕ್ಷನ್ ಒಲೆ ಹಚ್ಚಿದರೆ ಅದು ಇಮ್ಮಡಿಯಾಗುತ್ತದೆ. ಲೈಟು ಫ್ಯಾನುಗಳಿಗೆ 1.5, ಪ್ಲಗ್ಗುಗಳಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಹೊಸದಾಗಿ ಎಳೆಸಿ, ಪಿಂಗಾಣಿ ಫ್ಯೂಸಿನ ಜಾಗದಲ್ಲಿ ಹೊರೆ ಹೆಚ್ಚಾದರೆ ತಾನಾಗಿಯೇ ಆರುವ ಎಂಸಿಬಿಗಳನ್ನೂ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸಿ. ಒದ್ದೆ ಕೈಯಲ್ಲಿ ಗೀಸರಿನ ಸ್ವಿಚ್ ಮುಟ್ಟಿದವರ ಜೀವ ಉಳಿಸುವುದು ಈ ಕೊನೆಯದು. ವಾಷಿಂಗ್ ಮೆಷಿನ್, ನೀರಿನ ಫಿಲ್ಟರ್, ಫ್ರಿಜ್, ಇಂಟರ್ನೆಟ್ ಪೆಟ್ಟಿಗೆ ಇವುಗಳಿಗೆ ಪ್ಲಗ್ ಎಲ್ಲಿ ಬೇಕೆಂದು ಗೋಡೆ ಕೊರೆಯುವ ಮೊದಲೇ ಸೀಮೆಸುಣ್ಣದಲ್ಲಿ ಗುರುತು ಮಾಡಿಸಿ. ಮನೆ ನೋಡಲು ಬರುವವರು ಈಗ ಮೊದಲು ಕೇಳುವುದು ಇದನ್ನೇ.

ಮೊಸಾಯಿಕ್ ನೆಲವನ್ನು ಮುಚ್ಚಬೇಡಿ. ಅಮೃತಶಿಲೆಯ ಹರಳುಗಳನ್ನು ಸಿಮೆಂಟಿನಲ್ಲಿ ಕೂಡಿಸಿ ಮಾಡಿದ ಆ ಬಿಲ್ಲೆಗಳನ್ನು ಮತ್ತೆ ಉಜ್ಜಿ ಹೊಳಪು ಕೊಡಬಹುದು. ಬಿರುಕುಗಳಿಗೆ ಬಣ್ಣ ಬೆರೆಸಿದ ಬಿಳಿ ಸಿಮೆಂಟ್ ತುಂಬಿಸಿ, ಒರಟು ಕಲ್ಲಿನಿಂದ ಆರಂಭಿಸಿ ನುಣುಪು ಕಲ್ಲಿನವರೆಗೆ ಯಂತ್ರದಲ್ಲಿ ಉಜ್ಜಿಸಿ, ಕೊನೆಗೆ ಆಕ್ಸಾಲಿಕ್ ಆಮ್ಲದ ಹೊಳಪು ಕೊಡಿಸಿದರೆ ನಿಮ್ಮ ತಾಯಿಯವರು ಗೃಹಪ್ರವೇಶದ ದಿನ ಕಂಡ ನೆಲವೇ ಮೇಲೆ ಬರುತ್ತದೆ. ಒಂದು ಎಚ್ಚರಿಕೆ: ಉಜ್ಜುವಾಗ ಬರುವ ಕೆಸರನ್ನು ಕೆಲಸಗಾರರು ಬಚ್ಚಲಿನ ತೂತಿಗೆ ಸುರಿಯುವುದುಂಟು. ಅದು ಸಿಮೆಂಟಿನ ಕೆಸರು. ಹೊಸದಾಗಿ ಹಾಕಿಸಿದ ಕೊಳವೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಬಕೆಟ್ಟಿನಲ್ಲಿ ತುಂಬಿ ಹೊರಗೆ ಸಾಗಿಸಲು ಹೇಳಿ, ಎದುರಿಗೆ ನಿಂತಿರಿ. ಮೊಸಾಯಿಕ್ ಮೇಲೆ ಟೈಲ್ಸ್ ಹಾಕಿಸಿದರೆ ನೆಲ ಏರುತ್ತದೆ, ಬಾಗಿಲುಗಳ ಅಡಿಯನ್ನೆಲ್ಲ ಕತ್ತರಿಸಬೇಕಾಗುತ್ತದೆ.

ಅಡುಗೆಮನೆಗೆ ಗ್ರಾನೈಟ್ ಕಟ್ಟೆ, ಸ್ಟೀಲ್ ಸಿಂಕ್, ಕಟ್ಟೆಯ ಮೇಲೆ ಎರಡಡಿ ಟೈಲ್ಸ್, ಕೆಳಗೆ ಅಲ್ಯೂಮಿನಿಯಂ ಚೌಕಟ್ಟಿನ ಬಾಗಿಲುಗಳು, ಎಕ್ಸಾಸ್ಟ್ ಫ್ಯಾನ್ ಸಾಕು. ಬಣ್ಣ ಕೊನೆಯ ಕೆಲಸ. ಗೋಡೆ ಉಪ್ಪು ಬಿಟ್ಟು ಉದುರುತ್ತಿರುವಾಗ ಬಳಿದ ಬಣ್ಣ ಒಂದು ಮಳೆಗಾಲವನ್ನೂ ತಾಳುವುದಿಲ್ಲ, ಆದ್ದರಿಂದ ತೇವ ನಿಂತು ಗೋಡೆ ಒಣಗಿದ ಮೇಲೆ, ಸಾಧ್ಯವಾದರೆ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಮಾಡಿಸಿ. ಮೊದಲ ಕೈ ಬಣ್ಣ ನೆಲ ಉಜ್ಜುವ ಮೊದಲು, ಕೊನೆಯ ಕೈ ಅದರ ನಂತರ. ಡಬ್ಬದ ಮೇಲಿನ ಶೇಡ್ ನಂಬರನ್ನು ಬರೆದಿಟ್ಟುಕೊಳ್ಳಿ. ಮುಂದಿನ ಬಾಡಿಗೆದಾರರು ಬರುವಾಗ ಒಂದು ಗೋಡೆಗಷ್ಟೇ ಬಳಿದು ಮುಗಿಸಬಹುದು. ಗುತ್ತಿಗೆದಾರರಿಗೆ ಹಣವನ್ನು ಹಂತಹಂತವಾಗಿ ಕೊಟ್ಟು, ಶೇ 10ರಷ್ಟನ್ನು ಒಂದು ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳುವುದಾಗಿ ಮೊದಲೇ ಬರೆಸಿಕೊಳ್ಳಿ.

ಒಡಹುಟ್ಟಿದವರ ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ಫ್ಲ್ಯಾಟು ತಂದೆಯವರ ಸ್ವಯಾರ್ಜಿತವಾಗಿದ್ದು ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿಯವರಿಗೂ ನೀವು ಮೂವರಿಗೂ ತಲಾ ನಾಲ್ಕನೆಯ ಒಂದು ಪಾಲು. ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳದೆ ಸುತ್ತಿಗೆ ಎತ್ತಿಸಬೇಡಿ. ಯಾರು ಎಷ್ಟು ಹಾಕಿದರು, ಬಾಡಿಗೆಯಿಂದ ಅದು ಮೊದಲು ಹೇಗೆ ತೀರಬೇಕು, ಆಮೇಲೆ ಹೇಗೆ ಹಂಚಿಕೆಯಾಗಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಮಾಡಿ. ಮಾರೋಣ ಎನ್ನುವ ತಮ್ಮನನ್ನು ಈ ಲೆಕ್ಕಕ್ಕೆ ಮೊದಲೇ ಸೇರಿಸಿಕೊಳ್ಳುವುದು ಒಳ್ಳೆಯದು. ದುರಸ್ತಿಯ ಬಿಲ್ಲುಗಳನ್ನು ಬಾಡಿಗೆ ಆದಾಯದಲ್ಲಿ ಕಳೆಯಬಹುದೆಂದು ಹಲವರು ಭಾವಿಸಿದ್ದಾರೆ, ಅದು ಸಾಧ್ಯವಿಲ್ಲ. ಬಾಡಿಗೆಯಲ್ಲಿ ನೀವು ಕಟ್ಟಿದ ಆಸ್ತಿ ತೆರಿಗೆಯನ್ನು ಕಳೆದು, ಉಳಿದದ್ದರಲ್ಲಿ ಶೇ 30ರಷ್ಟನ್ನು ಆದಾಯ ತೆರಿಗೆಯವರು ಸಾರಾಸಗಟಾಗಿ ಬಿಡುತ್ತಾರೆ, ನೀವು ಖರ್ಚು ಮಾಡಿರಲಿ ಬಿಡಲಿ.

ಪ್ರಶ್ನೆ: ದೂಳು ಮತ್ತು ಖರ್ಚು ಕಡಿಮೆಯಾಗಲೆಂದು ಹಳೆಯ ಟೈಲ್ಸ್ ಮೇಲೆಯೇ ಹೊಸ ಟೈಲ್ಸ್ ಅಂಟಿಸಬಹುದೇ?
— ಓದುಗರು, ಮೈಸೂರು

ಉತ್ತರ: ಅಡುಗೆಮನೆಯ ಗೋಡೆಗೆ ಅಡ್ಡಿಯಿಲ್ಲ. ಹಳೆಯದನ್ನು ತಟ್ಟಿದಾಗ ಟೊಳ್ಳು ಸದ್ದು ಬರಬಾರದು, ಜಿಡ್ಡು ತೊಳೆದು ಮೇಲ್ಮೈಯನ್ನು ಒರಟು ಮಾಡಿರಬೇಕು, ಅಂಟಿಸಲು ಟೈಲ್ ಅಡ್ಹೆಸಿವ್ ಬಳಸಬೇಕು. ಸೋರುವ ಬಚ್ಚಲಿಗೆ ಮಾತ್ರ ಇದು ಸಲ್ಲದು; ಸೋರಿಕೆ ಹಾಗೆಯೇ ಉಳಿದು, ಮುಂದೆ ಎರಡು ಪದರ ಒಡೆಯುವ ಕೂಲಿ ನಿಮ್ಮ ಮೇಲೆ ಬೀಳುತ್ತದೆ.

ಪ್ರಶ್ನೆ: ಕೈಯಲ್ಲಿ ಹಣವಿಲ್ಲ. ಬೆಂಗಳೂರಿನ ಹಳೆಯ ಮನೆಯನ್ನು ಮೂರು ವರ್ಷಕ್ಕೆ 6 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟು, ಆ ಹಣದಲ್ಲೇ ದುರಸ್ತಿ ಮಾಡಿಸಿದರೆ ಹೇಗೆ?
— ಓದುಗರು, ಹುಬ್ಬಳ್ಳಿ

ಉತ್ತರ: ಭೋಗ್ಯದ ಹಣ ಬಾಡಿಗೆಯಲ್ಲ, ಸಾಲ. ಮೂರು ವರ್ಷಗಳ ಕೊನೆಗೆ 6 ಲಕ್ಷವನ್ನೂ ಇಡಿಯಾಗಿ ಹಿಂದಿರುಗಿಸಬೇಕು, ಆದರೆ ಅದು ಪೈಪಿನಲ್ಲೂ ತಂತಿಯಲ್ಲೂ ಸೇರಿಹೋಗಿರುತ್ತದೆ. ಅಷ್ಟೂ ಕಾಲ ಬಾಡಿಗೆ ಬಾರದ್ದರಿಂದ ತೀರಿಸಲು ಉಳಿತಾಯವೂ ಇರುವುದಿಲ್ಲ. ಇಂಥ ಸಂದರ್ಭದಲ್ಲಿ ಹೊಸ ಭೋಗ್ಯದಾರರನ್ನು ಹಿಡಿದು ಅವರ ಹಣದಿಂದ ಹಳಬರನ್ನು ಬಿಡಿಸುವುದು ರೂಢಿಯಾಗಿದೆ. ಹೊಸಬರು ಸಿಗುವುದು ನಾಲ್ಕು ತಿಂಗಳು ತಡವಾದರೆ ಹಳಬರು ಮನೆ ಖಾಲಿ ಮಾಡುವುದಿಲ್ಲ, ಮಾಡಬೇಕೆಂದು ಹೇಳುವ ನೈತಿಕ ಬಲವೂ ನಿಮಗಿರುವುದಿಲ್ಲ. ಮೂರು ವರ್ಷದ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕೆಂಬುದನ್ನೂ ಗಮನಿಸಿ. 11 ತಿಂಗಳ ಬಾಡಿಗೆ ಕರಾರುಗಳು ನಮ್ಮಲ್ಲಿ ಇಷ್ಟು ಬಳಕೆಯಲ್ಲಿರುವುದೇ ಆ ನೋಂದಣಿಯನ್ನು ತಪ್ಪಿಸಿಕೊಳ್ಳಲು. ನಿಮ್ಮ ಸ್ಥಿತಿಯಲ್ಲಿ ಈ ವರ್ಷ ನೀರು ಮತ್ತು ವಿದ್ಯುತ್ತಿನ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಬ್ಯಾಂಕಿನಿಂದ ಸಾಲ ಪಡೆದು, ಮನೆಯನ್ನು ಸಾಧಾರಣ ಬಾಡಿಗೆಗೆ ಕೊಟ್ಟು, ಬಣ್ಣ ಮತ್ತು ಅಡುಗೆಕಟ್ಟೆಯನ್ನು ಮುಂದಿನ ಬಾಡಿಗೆದಾರರು ಬರುವ ಹೊತ್ತಿಗೆ ಇರಿಸಿಕೊಳ್ಳುವುದು ಮೇಲು.