ಎರಡು ಹಾವಿಗೆ ಒಂದೇ ಟ್ಯಾಂಕ್ ಸಾಕಾ?

ನೀವು ಕೇಳಿರುವುದು ಇಷ್ಟು: ಚಿತ್ರದುರ್ಗದ ಮನೆಯಲ್ಲಿ ನಾಲ್ಕು ಅಡಿ ಗಾಜಿನ ಟ್ಯಾಂಕಿನಲ್ಲಿ ಒಂದು ಬಾಲ್ ಪೈಥಾನ್ (ಆಫ್ರಿಕಾದ ಚಿಕ್ಕ ಜಾತಿಯ ಹೆಬ್ಬಾವು) ಇದೆ. ಒಂಟಿಯಾಗಿ ಅದಕ್ಕೆ ಬೇಜಾರಾಗಬಹುದು ಅಂತ ಇನ್ನೊಂದು ತರುವ ಯೋಚನೆ ಇದೆ. ಇನ್ನೊಂದು ಬಾಲ್ ಪೈಥಾನ್ ಅಥವಾ ಒಂದು ಕಾರ್ನ್ ಸ್ನೇಕ್ (ಅಮೆರಿಕದ ಒಂದು ಸಾಕು ಹಾವು). ಅದೇ ಟ್ಯಾಂಕಿನಲ್ಲಿ ಒಟ್ಟಿಗೆ ಬಿಡಬಹುದಾ?

ಬೇಡ. ಎರಡನೇ ಹಾವು ತರುವುದು ಬಿಡುವುದು ನಿಮ್ಮ ಇಷ್ಟ, ತಂದರೆ ಅದಕ್ಕೆ ಬೇರೆ ಪೆಟ್ಟಿಗೆ ಇರಲಿ. ನಾನು ದಾವಣಗೆರೆಯಲ್ಲಿ ಈ ಎರಡೂ ಜಾತಿ ಸಾಕಿದ್ದೇನೆ, ಬೇರೆ ಬೇರೆಯಾಗಿಯೇ. ನಿಮ್ಮ ಹಾವಿಗೆ ಬೇಜಾರು ಅಂತ ಅನಿಸುವುದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಅದಕ್ಕೆ ಬೇಕಿರುವುದು ಜೊತೆಗಾರ ಅಲ್ಲ.

ಎರಡು ಬಾಲ್ ಪೈಥಾನ್ ಒಂದರ ಮೇಲೊಂದು ಸುತ್ತಿಕೊಂಡು ಮಲಗಿರುವ ಫೋಟೋಗಳನ್ನು ನೀವೂ ನೋಡಿರುತ್ತೀರಿ. ನೋಡಿದವರಿಗೆ ಪ್ರೀತಿ ಅನಿಸುತ್ತದೆ. ಆದರೆ ಮನೆಯ ಟ್ಯಾಂಕಿನಲ್ಲಿ ಅದು ಹೆಚ್ಚಾಗಿ ಜಾಗದ ಪೈಪೋಟಿ. ಹಾವು ತನ್ನ ಮೈಯನ್ನು ತಾನೇ ಬೆಚ್ಚಗೆ ಇಟ್ಟುಕೊಳ್ಳಲಾರದು. ತಿಂದದ್ದು ಅರಗಬೇಕಾದರೆ ಬಿಸಿ ಇರುವ ಕಡೆ ಹೋಗಬೇಕು, ಮೈ ಜಾಸ್ತಿ ಕಾದರೆ ತಂಪಿನ ಕಡೆ ಸರಿಯಬೇಕು. ಟ್ಯಾಂಕಿನಲ್ಲಿ ಸರಿಯಾದ ಬಿಸಿ ಇರುವ ಜಾಗ ಒಂದೇ. ಕತ್ತಲಾಗಿ, ಮೈಗೆ ಒತ್ತಿಕೊಂಡಂತಿರುವ ಒಳ್ಳೆ ಗೂಡೂ ಒಂದೇ. ಎರಡೂ ಹಾವಿಗೆ ಅದೇ ಬೇಕು, ಹಾಗಾಗಿ ಎರಡೂ ಅಲ್ಲೇ ಬಂದು ಸೇರುತ್ತವೆ. ದೊಡ್ಡದು ಒಳ್ಳೆಯ ಜಾಗ ಹಿಡಿಯುತ್ತದೆ, ಚಿಕ್ಕದು ಅಂಚಿಗೆ ಹೋಗುತ್ತದೆ. ಕಚ್ಚಾಟ ಇಲ್ಲ, ಸದ್ದೂ ಇಲ್ಲ. ಅದಕ್ಕೇ ನಮಗೆ ಗೊತ್ತಾಗಲ್ಲ.

ನಮ್ಮ ಕಡೆ ಹೊಲದ ಬದುವಿನಲ್ಲಿ ಎರಡು ಕೇರೆ ಹಾವು ಹೆಣೆದುಕೊಂಡು, ಅರ್ಧ ಮೈ ಮೇಲೆತ್ತಿ ಆಡುವುದು ಕಂಡರೆ ಜನ ನಿಂತು ಕೈ ಮುಗಿಯುತ್ತಾರೆ. ಗಂಡು ಹೆಣ್ಣು ಕೂಡಿವೆ ಅಂತ ನಂಬಿಕೆ. ಒಂದು ಕೇರೆ, ಇನ್ನೊಂದು ನಾಗರ ಅನ್ನುವವರೂ ಇದ್ದಾರೆ. ನಿಜವಾಗಿ ಅವೆರಡೂ ಗಂಡು ಕೇರೆಗಳೇ. ಒಂದರ ತಲೆಯನ್ನು ಇನ್ನೊಂದು ನೆಲಕ್ಕೆ ಅದುಮಲು ನೋಡುತ್ತಿರುತ್ತದೆ. ಸೋತದ್ದು ಜಾಗ ಬಿಟ್ಟು ಹೊರಟು ಹೋಗುತ್ತದೆ. ಹೊಲದಲ್ಲಿ ಹೋಗಲು ಜಾಗ ಇದೆ. ನಾಲ್ಕು ಅಡಿ ಗಾಜಿನೊಳಗೆ ಸೋತ ಹಾವು ಎಲ್ಲಿಗೆ ಹೋಗಬೇಕು ಹೇಳಿ.

ನಮ್ಮೂರಿನ ಬೇಸಿಗೆಯ ವಿಷಯ ಬೇರೆಯೇ ಇದೆ. ಹೊರದೇಶದವರು ಬರೆದದ್ದನ್ನು ಓದಿದರೆ ಯಾವಾಗಲೂ ಬಿಸಿ ಜಾಗದ ಪೈಪೋಟಿ ಬಗ್ಗೆಯೇ ಇರುತ್ತದೆ, ಯಾಕೆಂದರೆ ಅವರ ಮನೆ ತಣ್ಣಗಿರುತ್ತದೆ. ದುರ್ಗದಲ್ಲಿ, ದಾವಣಗೆರೆಯಲ್ಲಿ ಏಪ್ರಿಲ್ ಬಂತೆಂದರೆ ಲೆಕ್ಕ ತಿರುಗುತ್ತದೆ. ಬಾಲ್ ಪೈಥಾನ್‌ಗೆ ಬಿಸಿ ಕಡೆ 31ರಿಂದ 33 ಡಿಗ್ರಿ, ತಂಪು ಕಡೆ 25ರಿಂದ 27 ಡಿಗ್ರಿ ಇರಬೇಕು. ತಾರಸಿ ಕೆಳಗಿನ ಕೋಣೆಯೇ ಮಧ್ಯಾಹ್ನ 36 ದಾಟಿದರೆ ತಂಪು ಕಡೆ ಅನ್ನುವುದು ಎಲ್ಲಿ ಉಳಿಯಿತು? ಕರೆಂಟ್ ಹೋದರೆ ಫ್ಯಾನೂ ಇಲ್ಲ. ಆಗ ಟ್ಯಾಂಕಿನೊಳಗೆ ಹಾವಿಗೆ ಉಳಿಯುವುದು ನೀರಿನ ಬಟ್ಟಲು ಮತ್ತು ಒಂದು ಒದ್ದೆ ಗೂಡು.

ಆ ಗೂಡನ್ನು ನಾನು ಹೇಗೆ ಮಾಡುತ್ತೇನೆ ಅಂತ ಹೇಳುತ್ತೇನೆ, ನಿಮಗೂ ಬೇಕಾಗುತ್ತದೆ. ಸಂತೆಯಲ್ಲಿ ಸಿಗುವ ಮಣ್ಣಿನ ಚಿಕ್ಕ ಮಡಕೆ ತಂದು, ಬಾಯಿಯ ಒಂದು ಕಡೆ ಹಾವು ನುಗ್ಗುವಷ್ಟು ಒಡೆದು, ಅಂಚನ್ನು ಕಲ್ಲಿಗೆ ಉಜ್ಜಿ ನಯ ಮಾಡಿ ಬೋರಲು ಹಾಕುವುದು. ಒಳಗೆ ನೆನೆಸಿ ಹಿಂಡಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಹೊಸ ಮಡಕೆಯೇ ಇರಲಿ, ಹಳೆಯದಾದರೆ ಮಣ್ಣಿನ ಸಣ್ಣ ತೂತುಗಳು ಮುಚ್ಚಿಹೋಗಿರುತ್ತವೆ. ಹೊರಗೆ ನೀರು ಚಿಮುಕಿಸಿದರೆ ನಮ್ಮ ಒಣ ಗಾಳಿಗೆ ಅದು ಬೇಗ ಆರುತ್ತದೆ, ಆರುತ್ತಾ ಒಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ನೋಡಿದರೆ ಹಾವು ಅದರೊಳಗೆ ಬಿಗಿಯಾಗಿ ಸುತ್ತಿಕೊಂಡು, ಮೂತಿ ಮಾತ್ರ ಬಾಗಿಲಿಗೆ ಇಟ್ಟುಕೊಂಡಿರುತ್ತದೆ. ಆ ಮಡಕೆಯಲ್ಲಿ ಇನ್ನೊಂದು ಹಾವಿಗೆ ಜಾಗ ಇಲ್ಲ. ಇನ್ನೊಂದು ಮಡಕೆ ಇಡಬಹುದು, ಆದರೆ ತಂಪು ಮೂಲೆ ಟ್ಯಾಂಕಿಗೆ ಒಂದೇ ತಾನೆ.

ಕಾರ್ನ್ ಸ್ನೇಕ್ ಆದರಂತೂ ಯೋಚನೆಯೇ ಬೇಡ. ಅದು ಅಮೆರಿಕದ ಆಗ್ನೇಯ ಭಾಗದ್ದು, ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು. ಕಾರ್ನ್ ಸ್ನೇಕ್‌ಗೆ ಬಿಸಿ ಕಡೆ 29 ಡಿಗ್ರಿ ಹತ್ತಿರ ಸಾಕು, ತೇವ ಶೇಕಡ 40ರಿಂದ 50. ಬಾಲ್ ಪೈಥಾನ್‌ಗೆ ತೇವ ಶೇಕಡ 60ರ ಆಸುಪಾಸು ಬೇಕು, ಇಲ್ಲದಿದ್ದರೆ ಪೊರೆ ಚೂರು ಚೂರಾಗಿ ಬಿಡುತ್ತದೆ. ಒಬ್ಬರಿಗೆ ಸರಿ ಮಾಡಿದರೆ ಇನ್ನೊಬ್ಬರಿಗೆ ತಪ್ಪು. ಜೊತೆಗೆ ಕಾರ್ನ್ ಸ್ನೇಕ್ ರಾತ್ರಿ ಎಲ್ಲಾ ಓಡಾಡುವ ಪ್ರಾಣಿ, ಬಾಲ್ ಪೈಥಾನ್ ಗೂಡಿನಲ್ಲಿ ಕೂರುವ ಪ್ರಾಣಿ. ಕಿಂಗ್ ಸ್ನೇಕ್ ತರುವ ಆಸೆ ಮುಂದೆ ಯಾವಾಗಾದರೂ ಬಂದರೆ ನೆನಪಿಡಿ, ಅದಕ್ಕೆ ಬೇರೆ ಹಾವುಗಳೂ ಆಹಾರ.

ಊಟದ ಹೊತ್ತು ಇನ್ನೂ ಅಪಾಯ. ಇಲಿಯ ವಾಸನೆ ಬಂದ ಮೇಲೆ ಹಾವು ಮುಂದೆ ಚಲಿಸುವುದನ್ನೆಲ್ಲಾ ಊಟ ಅಂದುಕೊಳ್ಳುತ್ತದೆ. ಎರಡೂ ಒಂದೇ ಇಲಿಯನ್ನು ಎರಡು ಕಡೆಯಿಂದ ಹಿಡಿದರೆ ಯಾವುದೂ ಬಿಡುವುದಿಲ್ಲ. ಹಲ್ಲು ಒಳಮುಖವಾಗಿ ಬಾಗಿರುವುದರಿಂದ ಬಿಡುವುದೂ ಸುಲಭ ಅಲ್ಲ. ನುಂಗುತ್ತಾ ನುಂಗುತ್ತಾ ಒಂದರ ತಲೆ ಇನ್ನೊಂದರ ಬಾಯೊಳಗೆ ಹೋಗುತ್ತದೆ. ಕಾರ್ನ್ ಸ್ನೇಕ್‌ಗಳಲ್ಲಿ ಜೊತೆಗಿದ್ದದ್ದನ್ನೇ ನುಂಗಿದ ಪ್ರಕರಣಗಳು ದಾಖಲಾಗಿವೆ. ಊಟಕ್ಕೆ ಮಾತ್ರ ಬೇರೆ ಮಾಡಿದರೆ ಸಾಕು ಅನ್ನುವವರಿದ್ದಾರೆ. ತಿಂದ ಹಾವನ್ನು ಎತ್ತಾಡಿದರೆ ಅದು ಕಕ್ಕಬಹುದು, ವಾಪಸ್ ಬಿಟ್ಟ ಮೇಲೂ ಮೈಮೇಲೆ ಇಲಿಯ ವಾಸನೆ ಇದ್ದೇ ಇರುತ್ತದೆ.

ಇಲ್ಲೇ ನನ್ನ ಪರಿಚಯದವರೊಬ್ಬರು ಎರಡು ಕಾರ್ನ್ ಸ್ನೇಕ್ ಮರಿಗಳನ್ನು ಒಟ್ಟಿಗೆ ಇಟ್ಟಿದ್ದರು. ಒಂದೇ ತಾಯಿಯ ಮರಿಗಳು, ಏನೂ ಆಗಲ್ಲ ಅಂತ ಮಾರಿದವರು ಹೇಳಿದ್ದರಂತೆ. ಒಂದು ದಿನ ಒಳಗೆ ನೋಡಿದಾಗ ತಳದಲ್ಲಿ ಅರೆ ಅರಗಿದ ಇಲಿ ಬಿದ್ದಿತ್ತು. ಕಕ್ಕಿದ್ದು ಯಾವುದು? ಹೇಳಲು ಬರುವುದಿಲ್ಲ. ನಾನು ಎರಡನ್ನೂ ಕೈಗೆ ತೆಗೆದುಕೊಂಡು ನೋಡಿದೆ. ಒಂದರ ಮೈ ದುಂಡಗಿತ್ತು. ಇನ್ನೊಂದರ ಬೆನ್ನುಮೂಳೆ ಏಣಿನಂತೆ ಎದ್ದು ಕಾಣುತ್ತಿತ್ತು, ಪಕ್ಕದ ಚರ್ಮ ಮಡಿಕೆ ಬಿದ್ದಿತ್ತು. ಹೊರಗಿನಿಂದ ಎರಡೂ ಒಂದೇ ಗೂಡಿನಲ್ಲಿ ಆರಾಮಾಗಿ ಮಲಗಿದಂತೆಯೇ ಕಾಣುತ್ತಿದ್ದವು. ಸಣ್ಣದನ್ನು ಬೇರೆ ಡಬ್ಬಿಗೆ ಹಾಕಿ, ಕೆಲವು ದಿನ ಮುಟ್ಟದೆ ಬಿಟ್ಟು, ಸಣ್ಣ ಇಲಿಮರಿ ಕೊಟ್ಟ ಮೇಲೆ ಅದು ತಿನ್ನಲು ಶುರು ಮಾಡಿತು. ಔಷಧ ಏನೂ ಕೊಡಲಿಲ್ಲ.

ಕಾಯಿಲೆ ವಿಷಯದಲ್ಲೂ ಇದೇ ತೊಂದರೆ. ಒಂದೇ ಟ್ಯಾಂಕ್ ಆದರೆ ಯಾವುದು ತಿಂತು, ಯಾವುದು ಕಕ್ಕಿತು, ಯಾವುದಕ್ಕೆ ಭೇದಿ ಅಂತ ಗೊತ್ತಾಗುವ ಹೊತ್ತಿಗೆ ಎರಡಕ್ಕೂ ಅಂಟಿರುತ್ತದೆ. ಹಾವಿನ ಮೈಯ ನುಸಿ (ಮೈಟ್) ಗಸಗಸೆ ಕಾಳಿನಷ್ಟು ಸಣ್ಣದು, ಕಪ್ಪಗೆ ನೀರಿನ ಬಟ್ಟಲಿನಲ್ಲಿ ತೇಲುವಾಗಲೇ ಮೊದಲು ಕಾಣುವುದು. ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಪರಾವಲಂಬಿ ಹೊಟ್ಟೆಗೆ ಸೇರಿದರೆ ಹಾವಿಗೆ ನಂಬುವಂಥ ಚಿಕಿತ್ಸೆಯೇ ಇಲ್ಲ. ಅದಕ್ಕೇ ಹೊಸ ಹಾವನ್ನು 60ರಿಂದ 90 ದಿನ ಬೇರೆ ಕೋಣೆಯಲ್ಲೇ ಇಡುವುದು ಪದ್ಧತಿ. ಹಳೆಯದಕ್ಕೆ ಮೊದಲು ನೀರು, ಊಟ ಕೊಟ್ಟು ಆಮೇಲೆ ಹೊಸದನ್ನು ಮುಟ್ಟಿ, ನಡುವೆ ಕೈ ತೊಳೆಯಿರಿ. ನಮ್ಮ ಕಡೆ ಪಶುವೈದ್ಯರು ದನ, ಕುರಿ, ನಾಯಿ ನೋಡುವಷ್ಟು ಹಾವು ನೋಡಿರುವುದಿಲ್ಲ. ಹಾವು ನೋಡುವ ವೈದ್ಯರು ಬೇಕೆಂದರೆ ಹೆಚ್ಚಾಗಿ ಬೆಂಗಳೂರಿಗೇ ಹೋಗಬೇಕು, ನಿಮಗೆ 200 ಕಿಲೋಮೀಟರ್, ನನಗೆ ಇನ್ನೂ 60 ಜಾಸ್ತಿ.

ಗಂಡು ಹೆಣ್ಣು ಅಂತ ಮಾರುವವರು ಹೇಳಿದ್ದನ್ನು ಪೂರ್ತಿ ನಂಬಬೇಡಿ. ಮರಿ ಇದ್ದಾಗ ಗುರುತಿಸುವಲ್ಲಿ ತಪ್ಪಾಗುತ್ತದೆ. ಬೆಳವಣಿಗೆ ಪೂರ್ತಿ ಆಗದ ಹೆಣ್ಣು ಬಸುರಾದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಸಾಯಬಹುದು. ಕಾಡು ಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಅನ್ನುವ ಒಪ್ಪಂದ ಇದೆ, ಬಾಲ್ ಪೈಥಾನ್ ಅದರ ಎರಡನೇ ಅನುಬಂಧದಲ್ಲಿದೆ. ನಮ್ಮ ವನ್ಯಜೀವಿ ಕಾಯ್ದೆಗೆ 2022ರ ತಿದ್ದುಪಡಿ ಆದ ಮೇಲೆ ಇಂಥ ಪ್ರಾಣಿ ನಮ್ಮ ಹತ್ತಿರ ಇದ್ದರೆ ನೋಂದಣಿ ಆಗಬೇಕು, 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ. ಮರಿ ಹುಟ್ಟಿದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ನೀವು ಇನ್ನೂ ನೋಂದಣಿ ಮಾಡಿಸಿಲ್ಲದಿದ್ದರೆ ಎರಡನೇ ಹಾವಿನ ಮಾತಿಗಿಂತ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ನಮ್ಮ ಹೊಲ, ಗುಡ್ಡದ ಹೆಬ್ಬಾವು, ಕೇರೆ, ನಾಗರ, ಮಣ್ಣುಮುಕ್ಕ ಇವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಮಣ್ಣುಮುಕ್ಕ ಹಾವು ಅದೃಷ್ಟ ತರುತ್ತದೆ ಅಂತ ಮಾರಲು ಬರುವವರ ಹತ್ತಿರವೂ ಹೋಗಬೇಡಿ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಹಾವುಗಳೆಲ್ಲಾ ಒಂಟಿ ಅಂತ ಹೇಳಲು ಬರುವುದಿಲ್ಲ. ಕೆನಡಾದ ಮ್ಯಾನಿಟೋಬದಲ್ಲಿ ಗಾರ್ಟರ್ ಹಾವುಗಳು ಸಾವಿರಗಟ್ಟಲೆ ಒಂದೇ ಕಲ್ಲು ಬಿರುಕಿನೊಳಗೆ ಚಳಿಗಾಲ ಕಳೆಯುತ್ತವೆ. 2024ರಲ್ಲಿ ಕೆನಡಾದ ಸಂಶೋಧಕರು ಬಾಲ್ ಪೈಥಾನ್‌ಗಳನ್ನೇ ಗುಂಪಾಗಿ ಇಟ್ಟು ನೋಡಿದ್ದನ್ನು ಪ್ರಕಟಿಸಿದರು. ಗೂಡುಗಳು ಸಾಕಷ್ಟಿದ್ದರೂ ಅವು ಒಂದೇ ಗೂಡಿನಲ್ಲಿ ಸೇರಿಕೊಳ್ಳುತ್ತಿದ್ದವು. ನನಗೆ ಅದು ಓದಿ ಖುಷಿಯಾಯಿತು, ಹಾವಿನ ಬಗ್ಗೆ ನಮಗೆ ಗೊತ್ತಿರುವುದು ಕಡಿಮೆ. ಆದರೆ ಅದು ಕೆಲವೇ ದಿನದ ಪ್ರಯೋಗ, ನೋಡಿಕೊಳ್ಳಲು ಜನ ಇದ್ದ ಜಾಗ. ವರ್ಷಗಟ್ಟಲೆ ಒಂದೇ ಗಾಜಿನೊಳಗೆ ಊಟ, ಪೊರೆ, ಬೇಸಿಗೆ ಎಲ್ಲಾ ಕಳೆಯುವುದು ಬೇರೆ. ಜೊತೆ ಇಲ್ಲದೆ ಬಾಲ್ ಪೈಥಾನ್ ಚೆನ್ನಾಗಿ ತಿಂದು ಬೆಳೆಯುವುದನ್ನು ಸಾಕಿದವರೆಲ್ಲಾ ನೋಡಿದ್ದಾರೆ.

ನಿಮ್ಮ ನಾಲ್ಕು ಅಡಿ ಟ್ಯಾಂಕ್ ಒಂದು ದೊಡ್ಡ ಬಾಲ್ ಪೈಥಾನ್‌ಗೆ ಸರಿಯಾದ ಅಳತೆ. ಮಧ್ಯೆ ಗೋಡೆ ಹಾಕಿ ಎರಡು ಮಾಡಬೇಡಿ, ಎರಡು ಅಡಿಯಲ್ಲಿ ಬಿಸಿ ಕಡೆ ತಂಪು ಕಡೆ ಎರಡನ್ನೂ ಹೊಂದಿಸುವುದು ಕಷ್ಟ. ಎರಡನೆಯದಕ್ಕೆ ಗಾಜೇ ಬೇಕಂತಿಲ್ಲ. ಮರಿಗೆ ಮುಚ್ಚಳಕ್ಕೆ ಕ್ಲಿಪ್ ಇರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಆಗುತ್ತದೆ. ಬಿಸಿ ಸೋಲ್ಡರಿಂಗ್ ಕಡ್ಡಿಯಿಂದ ಪಕ್ಕಗಳಲ್ಲಿ ತೂತು ಮಾಡಿ, ಒಳಗಿನಿಂದ ಹೊರಕ್ಕೆ ಚುಚ್ಚಿದರೆ ಚೂಪು ಅಂಚು ಹೊರಗೆ ಉಳಿಯುತ್ತದೆ. ಕೆಳಗೆ ಒಂದು ಕಡೆ ಮಾತ್ರ ಹೀಟ್ ಮ್ಯಾಟ್, ಅದಕ್ಕೆ ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಕಡ್ಡಾಯ, ಇಲ್ಲದಿದ್ದರೆ ಹೊಟ್ಟೆ ಸುಟ್ಟುಹೋಗುತ್ತದೆ. ಡಬ್ಬಿಯನ್ನು ಖಾಲಿಯಾಗಿಯೇ ಒಂದು ವಾರ ಓಡಿಸಿ, ಮಧ್ಯಾಹ್ನ ಒಮ್ಮೆ, ನಸುಕಿನಲ್ಲಿ ಒಮ್ಮೆ ಎರಡೂ ಕಡೆಯ ಉಷ್ಣತೆ ಬರೆದಿಡಿ. ಅಂಕಿ ನಿಂತ ಮೇಲೆ ಹಾವು ತನ್ನಿ. ಇದಕ್ಕೆಲ್ಲಾ ಈಗ ದುಡ್ಡು ಹೊಂದದಿದ್ದರೆ ಈ ವರ್ಷ ಬಿಡಿ. ನಿಮ್ಮ ಹತ್ತಿರ ಇರುವುದು ಚೆನ್ನಾಗಿ ನೋಡಿಕೊಂಡರೆ 20ರಿಂದ 30 ವರ್ಷ ಬದುಕುತ್ತದೆ, ಸದ್ಯಕ್ಕೆ ಆ ದುಡ್ಡಿನಲ್ಲಿ ಅದಕ್ಕೊಂದು ಒಳ್ಳೆಯ ಥರ್ಮೋಸ್ಟಾಟ್ ತೆಗೆದುಕೊಳ್ಳಿ.