ಗಣಕ ಪ್ರಶ್ನೋತ್ತರ: ವೆಬ್ ಸರ್ವರ್ ಸ್ಥಾಪನೆ

ಪ್ರಶ್ನೆ: ನಮ್ಮ ಕಾಲೇಜಿನ ಪ್ರಯೋಗಾಲಯದ ಉಬುಂಟು ಗಣಕದಲ್ಲಿ ಅಪಾಚೆ ಎಂಬ ವೆಬ್ ಸರ್ವರನ್ನು (ಬ್ರೌಸರುಗಳಿಗೆ ಪುಟಗಳನ್ನು ಕಳಿಸುವ ತಂತ್ರಾಂಶ) ಸ್ಥಾಪಿಸಿದೊಡನೆ ಅದರ ಸ್ವಾಗತ ಪುಟ ಬ್ರೌಸರಿನಲ್ಲಿ ಕಾಣಿಸಿತು. ಮನೆಯ ಲ್ಯಾಪ್‌ಟಾಪ್‌ನಲ್ಲಿ ಫೆಡೋರಾ ಇದೆ. ಅಲ್ಲಿ ಮೊದಲು ಪುಟವೇ ಬರಲಿಲ್ಲ. ಸರ್ವರನ್ನು ನಾನೇ ಚಾಲೂ ಮಾಡಿದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಬಂತು, ತಂಗಿಯ ಮೊಬೈಲಿನಲ್ಲಿ ಬರಲಿಲ್ಲ. ನಾನು ಬರೆದ ಪುಟಗಳನ್ನು ಹೋಮ್ ಫೋಲ್ಡರಿನಿಂದ ಸರಿಸಿ ಹಾಕಿದರೆ 403 (ಪ್ರವೇಶ ನಿಷಿದ್ಧ) ಎಂಬ ದೋಷ ಕಾಣಿಸುತ್ತದೆ. ತಂತ್ರಾಂಶವೇ ಕೆಟ್ಟಿದೆಯೇ?
– ಬಿ.ಇ. ವಿದ್ಯಾರ್ಥಿನಿ, ವಿದ್ಯಾನಗರ, ದಾವಣಗೆರೆ

ಉತ್ತರ: ತಂತ್ರಾಂಶ ಕೆಟ್ಟಿಲ್ಲ. ಎರಡು ಕಡೆಯೂ ಇರುವುದು 1995ರಿಂದ ಬೆಳೆದು ಬಂದ ಒಂದೇ ಅಪಾಚೆ. ಅದನ್ನು ನಿಮ್ಮ ಕೈಗೆ ಕೊಡುವ ಲಿನಕ್ಸ್ ವಿತರಣೆಗಳ (ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಬೇರೆ ಬೇರೆ ರೂಪಗಳ) ಧೋರಣೆ ಮಾತ್ರ ಬೇರೆ. ಡೆಬಿಯನ್ ಮತ್ತು ಅದರಿಂದ ಹುಟ್ಟಿದ ಉಬುಂಟುವಿನಲ್ಲಿ ಪ್ಯಾಕೇಜಿನ ಹೆಸರು ‘ಅಪಾಚೆ2’. ಸ್ಥಾಪನೆ ಮುಗಿಯುತ್ತಿದ್ದಂತೆ ಅದು ತಾನಾಗಿಯೇ ಚಾಲೂ ಆಗುತ್ತದೆ. ರೆಡ್ ಹ್ಯಾಟ್ ಬಳಗಕ್ಕೆ ಸೇರಿದ ಫೆಡೋರಾದಲ್ಲಿ ಅದೇ ಪ್ಯಾಕೇಜಿಗೆ ‘ಎಚ್‌ಟಿಟಿಪಿಡಿ’ ಎಂದು ಹೆಸರು, ಮತ್ತು ಆಡಳಿತಗಾರರು ಹೇಳುವವರೆಗೆ ಅದು ಸುಮ್ಮನಿರುತ್ತದೆ. ‘ಸಿಸ್ಟಮ್‌ಸಿಟಿಎಲ್’ ಆಜ್ಞೆಯಿಂದ ‘ಸ್ಟಾರ್ಟ್’ ಎಂದರೆ ಅದು ಆ ಹೊತ್ತಿಗೆ ಮಾತ್ರ ಎದ್ದೇಳುತ್ತದೆ. ‘ಎನೇಬಲ್’ ಎಂದೂ ಹೇಳಿದ್ದರೆ ಮಾತ್ರ ಗಣಕವನ್ನು ಮತ್ತೆ ಹಚ್ಚಿದಾಗ ತಾನಾಗಿ ಏಳುತ್ತದೆ. ನೀವು ಎರಡನೆಯದನ್ನು ಮಾಡಿರಲಿಕ್ಕಿಲ್ಲ ಎಂಬುದು ನನ್ನ ಊಹೆ.

ಮೊಬೈಲಿಗೆ ಪುಟ ತಲುಪದಿರಲು ಕಾರಣ ಫೈರ್‌ವಾಲ್, ಅಂದರೆ ಹೊರಗಿನಿಂದ ಬರುವ ಸಂಪರ್ಕಗಳನ್ನು ತಡೆಯುವ ಕಾವಲು. ಫೆಡೋರಾ ವರ್ಕ್‌ಸ್ಟೇಷನ್ನಿನ ಫೈರ್‌ವಾಲ್ 1025ರಿಂದ 65535ರವರೆಗಿನ ಪೋರ್ಟುಗಳನ್ನು (ಸಂಪರ್ಕಗಳು ಬರುವ, ಸಂಖ್ಯೆಯುಳ್ಳ ಬಾಗಿಲುಗಳನ್ನು) ತೆರೆದಿಟ್ಟಿರುತ್ತದೆ, ಆದರೆ ವೆಬ್ ಸರ್ವರಿಗೆ ಬೇಕಾದ 80 ಮತ್ತು 443 ಆ ಶ್ರೇಣಿಯಿಂದ ಹೊರಗಿವೆ. ಹೀಗಾಗಿ 8080ರಲ್ಲಿ ಓಡುವ ಚಿಕ್ಕ ಪ್ರಯೋಗಗಳು ಮೊಬೈಲಿನಲ್ಲಿ ಕಾಣಿಸುತ್ತವೆ, 80ರಲ್ಲಿರುವ ಅಪಾಚೆ ಕಾಣಿಸುವುದಿಲ್ಲ. ಈ ವ್ಯತ್ಯಾಸ ಅನೇಕರನ್ನು ದಾರಿ ತಪ್ಪಿಸುತ್ತದೆ. ಫೈರ್‌ವಾಲಿಗೆ ಎಚ್‌ಟಿಟಿಪಿ ಸೇವೆಯನ್ನು ‘ಪರ್ಮನೆಂಟ್’ ಆಯ್ಕೆಯೊಂದಿಗೆ ಸೇರಿಸಿ, ಆಮೇಲೆ ಮರೆಯದೆ ‘ರೀಲೋಡ್’ ಮಾಡಿರಿ. ಆ ಆಯ್ಕೆಯಿಲ್ಲದೆ ಸೇರಿಸಿದ ಅನುಮತಿ ಗಣಕವನ್ನು ಮತ್ತೆ ಹಚ್ಚಿದಾಗ ಅಳಿಸಿಹೋಗುತ್ತದೆ, ಆಯ್ಕೆ ಕೊಟ್ಟೂ ರೀಲೋಡ್ ಮಾಡದಿದ್ದರೆ ಅದು ತಕ್ಷಣಕ್ಕೆ ಜಾರಿಗೆ ಬರುವುದಿಲ್ಲ.

ನಿಮ್ಮ ಮೂರನೆಯ ತೊಂದರೆಯೇ ಹೆಚ್ಚು ಸ್ವಾರಸ್ಯದ್ದು. ಫೆಡೋರಾದಲ್ಲಿ ಸಾಮಾನ್ಯ ಕಡತ ಅನುಮತಿಗಳ ಮೇಲೆ ಎಸ್‌ಇಲಿನಕ್ಸ್ ಎಂಬ ಇನ್ನೊಂದು ಕಾವಲು ಇದೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಅದನ್ನು 2000ದಲ್ಲಿ ಬಿಡುಗಡೆ ಮಾಡಿತು. ಅದರ ಪ್ರಕಾರ ಪ್ರತಿಯೊಂದು ಕಡತದ ಮೇಲೂ ಒಂದು ಗುರುತುಪಟ್ಟಿ ಇರುತ್ತದೆ, ಮತ್ತು ವೆಬ್ ಸರ್ವರ್ ತನಗೆ ಸಲ್ಲುವ ಗುರುತುಪಟ್ಟಿಯ ಕಡತಗಳನ್ನು ಮಾತ್ರ ಓದಬಹುದು. ಕಡತವನ್ನು ನಕಲು ಮಾಡಿದರೆ ಹೊಸ ಜಾಗದ ಗುರುತು ಬರುತ್ತದೆ. ನೀವು ಮಾಡಿದಂತೆ ಸರಿಸಿದರೆ ಹೋಮ್ ಫೋಲ್ಡರಿನ ಹಳೆಯ ಗುರುತೇ ಉಳಿಯುತ್ತದೆ. ಹಾಗಾಗಿ ಅನುಮತಿಗಳೆಲ್ಲ ಸರಿಯಿದ್ದಂತೆ ಕಂಡರೂ 403 ಬರುತ್ತದೆ. ಪುಟಗಳಿರುವ ಫೋಲ್ಡರಿನ ಮೇಲೆ ‘ರಿಸ್ಟೋರ್‌ಕಾನ್’ ಆಜ್ಞೆಯನ್ನು ಒಳಫೋಲ್ಡರುಗಳಿಗೂ ಅನ್ವಯಿಸುವಂತೆ ಓಡಿಸಿದರೆ ಗುರುತುಗಳು ಸರಿಹೋಗುತ್ತವೆ. ಎಸ್‌ಇಲಿನಕ್ಸ್ ಅನ್ನೇ ನಿಲ್ಲಿಸಿಬಿಡಿ ಎಂದು ಸಲಹೆ ಕೊಡುವವರು ನಿಮಗೆ ಖಂಡಿತ ಸಿಗುತ್ತಾರೆ. ಒಂದು ಆಜ್ಞೆಯಿಂದ ಸರಿಹೋಗುವ ಸಂಗತಿಗೆ ಇಡೀ ಗಣಕದ ಕಾವಲನ್ನು ತೆಗೆಯುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ಇಂಟರ್‌ನೆಟ್ ನೆಚ್ಚುವಂತಿಲ್ಲ. ಕನ್ನಡದ ಪಾಠಗಳನ್ನು ವಿಂಡೋಸ್ ಗಣಕವೊಂದರಲ್ಲಿಟ್ಟು, ಲ್ಯಾಬಿನ ಉಳಿದ ಗಣಕಗಳಲ್ಲಿ ಮಕ್ಕಳು ಓದುವಂತೆ ಮಾಡಬೇಕೆಂದಿದ್ದೇನೆ. ಅಪಾಚೆಯನ್ನು ಇತರ ತಂತ್ರಾಂಶಗಳ ಜೊತೆ ಒಂದೇ ಕಟ್ಟಿನಲ್ಲಿ ಕೊಡುವ ಗ್ಸಾಂಪ್ (XAMPP) ಸ್ಥಾಪಿಸಿದೆ, ಆದರೆ 80ನೆಯ ಪೋರ್ಟ್ ಬೇರೆಯವರ ಬಳಿ ಇದೆ ಎಂದು ಹೇಳಿ ಅಪಾಚೆ ಚಾಲೂ ಆಗುತ್ತಿಲ್ಲ. ಪಾಠಗಳನ್ನು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದೇನೆ.
– ಶಿಕ್ಷಕರು, ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ

ಉತ್ತರ: ಒಂದು ಪೋರ್ಟನ್ನು ಒಂದೇ ವಿಳಾಸದಲ್ಲಿ ಎರಡು ಸರ್ವರುಗಳು ಹಿಡಿದುಕೊಳ್ಳಲಾಗದು. ನಿಮ್ಮಲ್ಲಿ ಅದನ್ನು ಈಗಾಗಲೇ ಹಿಡಿದಿರುವುದು ಬಹುಮಟ್ಟಿಗೆ ಮೈಕ್ರೋಸಾಫ್ಟಿನದೇ ವೆಬ್ ಸರ್ವರ್ ಆದ ಐಐಎಸ್ ಇರಬೇಕು. ವಿಂಡೋಸ್‌ನ ಸರ್ವಿಸಸ್ ಪಟ್ಟಿಯಲ್ಲಿ ‘ವರ್ಲ್ಡ್ ವೈಡ್ ವೆಬ್ ಪಬ್ಲಿಷಿಂಗ್ ಸರ್ವಿಸ್’ ಎಂಬುದು ಓಡುತ್ತಿದ್ದರೆ ಸಂಶಯವೇ ಬೇಡ. ಹಾಗಿದ್ದರೆ ಅದನ್ನು ನಿಲ್ಲಿಸುವುದಕ್ಕಿಂತ ಅದನ್ನೇ ಬಳಸಿಕೊಳ್ಳುವುದು ಲೇಸು. ನಿಮ್ಮದು ಓದುವ ಪುಟಗಳು ಮಾತ್ರ; ಸರ್ವರಿನಲ್ಲಿ ಓಡುವ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಾಗಲಿ ಡೇಟಾಬೇಸ್ ಆಗಲಿ ಬೇಕಿಲ್ಲವಾದ್ದರಿಂದ ಗ್ಸಾಂಪಿನ ಅಗತ್ಯವೇ ಇಲ್ಲ. ಸಿ ಡ್ರೈವಿನ ‘ಇನೆಟ್‌ಪಬ್’ ಫೋಲ್ಡರಿನಲ್ಲಿರುವ ‘ಡಬ್ಲ್ಯುಡಬ್ಲ್ಯುಡಬ್ಲ್ಯುರೂಟ್’ ಒಳಗೆ ಪಾಠಗಳನ್ನು ಹಾಕಿರಿ. ಆ ಗಣಕದ ನೆಟ್‌ವರ್ಕ್ ‘ಪ್ರೈವೇಟ್’ ಎಂದು ಗುರುತಾಗಿರಲಿ, ಮತ್ತು ಅದಕ್ಕೆ ಬದಲಾಗದ ಐಪಿ ವಿಳಾಸವೊಂದನ್ನು ಕೊಡಿರಿ. ಇಲ್ಲವಾದರೆ ಬೆಳಿಗ್ಗೆ ಮಕ್ಕಳಿಗೆ ಹೇಳಿಕೊಟ್ಟ ವಿಳಾಸ ಮರುದಿನ ಕೆಲಸ ಮಾಡದೆ ಹೋಗಬಹುದು.

ಅಕ್ಷರಗಳ ವಿಷಯ ನೀವು ಕೇಳಿಲ್ಲ, ಆದರೂ ನುಡಿ ಎಂದಿರುವುದರಿಂದ ಹೇಳಬೇಕಾಗಿದೆ. ನುಡಿಯ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಬರಹದಲ್ಲಿ ಗಣಕದ ಮಟ್ಟಿಗೆ ಇರುವುದು ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳೇ. ಆ ಫಾಂಟ್ ಇಲ್ಲದ ಗಣಕದಲ್ಲಿ ಮಕ್ಕಳಿಗೆ ಕಾಣುವುದು ಅರ್ಥವಿಲ್ಲದ ಅಕ್ಷರರಾಶಿ. ಅದಕ್ಕೆ ಯಾವ ಸರ್ವರಿನಲ್ಲಿಯೂ ಮದ್ದಿಲ್ಲ. ಬರಹವನ್ನು ಮೊದಲು ಯೂನಿಕೋಡಿಗೆ (ಎಲ್ಲ ಲಿಪಿಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಪದ್ಧತಿಗೆ) ಪರಿವರ್ತಿಸಿ, ಕಡತಗಳನ್ನು ಯುಟಿಎಫ್-8 ರೂಪದಲ್ಲಿ ಉಳಿಸಿ, ಪುಟದ ತಲೆಭಾಗದಲ್ಲಿಯೂ ಅದನ್ನು ನಮೂದಿಸಬೇಕು. ಮುಂದೊಂದು ದಿನ ಈ ಪಾಠಗಳನ್ನು ಲಿನಕ್ಸ್ ಗಣಕಕ್ಕೆ ಒಯ್ಯುವ ಯೋಚನೆಯಿದ್ದರೆ, ಕಡತಗಳ ಹೆಸರುಗಳನ್ನು ಈಗಲೇ ಸಣ್ಣ ರೋಮನ್ ಅಕ್ಷರಗಳಲ್ಲಿಯೇ ಇಡಿರಿ. ದೊಡ್ಡ ಅಕ್ಷರ, ಸಣ್ಣ ಅಕ್ಷರಗಳನ್ನು ವಿಂಡೋಸ್ ಒಂದೇ ಎಂದು ತಿಳಿಯುತ್ತದೆ. ಲಿನಕ್ಸ್ ಹಾಗೆ ತಿಳಿಯುವುದಿಲ್ಲವಾದ್ದರಿಂದ ಅಲ್ಲಿ ಕೊಂಡಿಗಳೂ ಚಿತ್ರಗಳೂ ಒಮ್ಮೆಲೇ ಕಾಣೆಯಾಗುತ್ತವೆ.

ಪ್ರಶ್ನೆ: ನಮ್ಮ ಫೋಟೊ ಸ್ಟುಡಿಯೊದಲ್ಲಿ ಮ್ಯಾಕ್ ಇದೆ. ಅದರಲ್ಲಿ ಅಪಾಚೆ ಮೊದಲೇ ಇರುತ್ತದೆ ಎನ್ನುತ್ತಾರೆ, ಎಲ್ಲಿ ಹುಡುಕಿದರೂ ಸಿಗಲಿಲ್ಲ. ಮದುವೆ ಆಲ್ಬಮ್‌ಗಳನ್ನು ಗಿರಾಕಿಗಳು ಅವರ ಮನೆಯಿಂದಲೇ ನೋಡುವಂತೆ ಅದರಿಂದ ಮಾಡಬಹುದೇ?
– ಸ್ಟುಡಿಯೊ ಮಾಲೀಕರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಅಪಾಚೆ ಇದೆ, ಆದರೆ ಅದನ್ನು ಚಾಲೂ ಮಾಡುವ ಗುಂಡಿಯನ್ನು ಆಪಲ್ 2012ರ ಮೌಂಟನ್ ಲಯನ್ ಆವೃತ್ತಿಯಲ್ಲಿಯೇ ತೆಗೆದುಹಾಕಿತು. ಟರ್ಮಿನಲ್ ತೆರೆದು, ಆಡಳಿತಗಾರರ ಅಧಿಕಾರದೊಂದಿಗೆ ‘ಅಪಾಚೆಸಿಟಿಎಲ್’ ಆಜ್ಞೆಗೆ ‘ಸ್ಟಾರ್ಟ್’ ಎಂದರೆ ಅದು ಏಳುತ್ತದೆ. 2021ರ ಮಾಂಟೆರಿಯಿಂದ ಪಿಎಚ್‌ಪಿಯನ್ನೂ ಆಪಲ್ ಕೈಬಿಟ್ಟಿರುವುದರಿಂದ, ಪಿಎಚ್‌ಪಿ ಬೇಕಾದವರು ಅದನ್ನೂ ಹೊಸ ಅಪಾಚೆಯನ್ನೂ ಹೋಮ್‌ಬ್ರೂ ಎಂಬ ತಂತ್ರಾಂಶ ಸ್ಥಾಪನೆಯ ಸಾಧನದ ಮೂಲಕ ಹಾಕಿಕೊಳ್ಳುವುದು ರೂಢಿ. ಆ ಅಪಾಚೆ 80ರ ಬದಲು 8080ರಲ್ಲಿ ಕಾದಿರುತ್ತದೆ.

ಗಿರಾಕಿಗಳಿಗೆ ತೋರಿಸುವ ಕೆಲಸಕ್ಕೆ ಮಾತ್ರ ಅಂಗಡಿಯ ಮ್ಯಾಕ್ ಬೇಡ. ಅನೇಕ ಇಂಟರ್‌ನೆಟ್ ಸಂಪರ್ಕಗಳಲ್ಲಿ ಹಲವು ಗ್ರಾಹಕರಿಗೆ ಒಂದೇ ಸಾರ್ವಜನಿಕ ವಿಳಾಸ ಹಂಚಿಕೆಯಾಗಿರುವುದರಿಂದ, ಹೊರಗಿನವರು ನಿಮ್ಮ ಗಣಕವನ್ನು ನೇರವಾಗಿ ತಲುಪಲಾಗದು. ತಲುಪುವಂತಿದ್ದರೂ ಕರೆಂಟು ಹೋದಾಗ ಆಲ್ಬಮ್ಮೂ ಹೋಗುತ್ತದೆ. ತಿಂಗಳ ಬಾಡಿಗೆಗೆ ಸಿಗುವ ಚಿಕ್ಕ ಲಿನಕ್ಸ್ ಸರ್ವರೊಂದರಲ್ಲಿ ಉಬುಂಟು ಮತ್ತು ಎಂಜಿನ್‌ಎಕ್ಸ್ (ಅಪಾಚೆಯಂಥದೇ ಇನ್ನೊಂದು ವೆಬ್ ಸರ್ವರ್) ಹಾಕಿಸಿ, ಪ್ರತಿಯೊಂದು ಆಲ್ಬಮ್ಮಿಗೂ ಗುಪ್ತಪದ ಇಡಿಸಿರಿ.